ಮಿಲ್ಟ್ರಿ ಮನೆಯ ಹಾಲು

ಸತ್ತವರ ಬಗ್ಗೆ ಎರಡು ಸಾಲು ಬರೆಸಬೇಕೆಂದರೆ ನಮ್ಮೂರಿನವರು ಸೀದಾ ನನ್ನ ಮನೆಗೆ ಬರುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ರಿಟೈರಾದವನಿಗೆ ಬೇರೆ ಇನ್ನೇನು ಕೆಲಸ ಎಂದು ಅವರ ಎಣಿಕೆ. ತಿಥಿ ಕಾರ್ಡು, ಶ್ರದ್ಧಾಂಜಲಿಯ ಫ್ಲೆಕ್ಸು, ಬಸ್ ಸ್ಟಾಪಿನ ಸಿಮೆಂಟು ಬೆಂಚು, ಎಲ್ಲದರ ಮೇಲೂ ನನ್ನದೇ ಸಾಲು. 'ಅಜಾತಶತ್ರು' ಎಂಬ ಪದವನ್ನು ಇದುವರೆಗೆ ಒಂಬತ್ತು ಜನಕ್ಕೆ ಹಂಚಿದ್ದೇನೆ. ಅವರಲ್ಲಿ ಇಬ್ಬರು ಹೊಲದ ಬದುವಿನ ಜಗಳದಲ್ಲಿ ಸಾಯುವ ತನಕ ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

ಹೋದ ತಿಂಗಳು ಹವಾಲ್ದಾರರು ತೀರಿಕೊಂಡರು. ನಾನೇ ಕಾರ್ಯದರ್ಶಿಯಾಗಿರುವ ಸ್ಮಾರಕ ಸಮಿತಿಯವರು ಎಂದಿನಂತೆ ಬಂದು, "ಕಲ್ಲಿನ್ ಮ್ಯಾಲೆ ಅವರ ಎಸ್ರು ಕೆತ್ತುಸ್ಬೇಕು ಮೇಸ್ಟ್ರೇ, ಎಲ್ಡ್ ಸಾಲು ಬರ್ಕೊಡಿ" ಎಂದರು. ಮೂರು ದಿನ ಪೆನ್ನು ಹಿಡಿದು ಕೂತೆ. ಅಜಾತಶತ್ರು ಎನ್ನೋಣವೆಂದರೆ ಊರಿನ ಅರ್ಧ ಜನ ಅವರಿಂದ ಬೈಸಿಕೊಂಡವರು, ಉಳಿದರ್ಧ ಅವರನ್ನು ಬೈದವರು. ವೀರಯೋಧ ಎನ್ನೋಣವೆಂದರೆ, ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದು ಅವರು ಕೈಯಲ್ಲಿ ಹಿಡಿದದ್ದು ಸೌಟು. ಕೊನೆಗೆ ಕಾಗದ ಮಡಿಸಿಟ್ಟೆ. ಎರಡು ಸಾಲಿಗೆ ಒಗ್ಗದ ಮನುಷ್ಯನ ಬಗ್ಗೆ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೂ ಊರಿನವರಿಗೆ ಯಾರೆಂದು ತಿಳಿಯಲಿಕ್ಕಿಲ್ಲ. ಎಲ್ಲರಿಗೂ ಅವರು 'ಅವಲ್ದಾರ್ರು', ಅಷ್ಟೇ.

ಮೊದಲು ಅವರಿದ್ದ ಮನೆಯ ವಿಷಯ ಹೇಳಬೇಕು. ಮದ್ದೂರಿನಿಂದ ಭಾರತೀನಗರದ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಊರಿನ ಮೊದಲ ಮನೆಯೇ ಅದು. ಚಿಕ್ಕತಾಯಮ್ಮನ ಒಬ್ಬನೇ ಮಗ ಮಾದೇವ ಸೈನ್ಯ ಸೇರಿದ್ದ. ಕೊನೆಯ ಸಲ ರಜಕ್ಕೆ ಬಂದಾಗ ತಾನೇ ಗುದ್ದಲಿ ಹಿಡಿದು ಹೊಸ ಮನೆಗೆ ಪಾಯ ತೆಗೆದು, ಕಲ್ಲು ತುಂಬಿಸಿ ಹೋದ. ಗೋಡೆ ಮುಂದಿನ ರಜಕ್ಕೆ ಎಂದಿದ್ದ. ಮುಂದಿನ ಸಲ ಅವನು ಬಂದದ್ದು ಬಾವುಟ ಹೊದ್ದುಕೊಂಡು. ಊರಿಗೆ ಊರೇ ಅತ್ತಿತು. ಅತ್ತು ಮುಗಿದ ಮೇಲೆ ಸಭೆ ಸೇರಿ ಪ್ರತಿಮೆ ನಿಲ್ಲಿಸುವ ಮಾತಾಡಿತು. ಆಗ ಚಿಕ್ಕತಾಯಮ್ಮ ಎದ್ದು ನಿಂತಳು.

"ಬಿಸ್ಲಲ್ಲಿ ನಿಲ್ಲುಸ್ಬ್ಯಾಡಿ ಕಣ್ರಪ್ಪ ಅವನ್ನ. ಪಾಯ ಆಕಿ ಓಗವ್ನೆ, ಅದ್ರ ಮ್ಯಾಲೆ ಮನೆ ಕಟ್ಟಿ. ಅವನಂಗೆ ಮಿಲ್ಟ್ರಿಗೆ ಓಗಿ ಬಂದು ದಿಕ್ಕಿಲ್ದೆ ಇರೋರು ಯಾರಾರ ಬಂದು ಇರ್ಲಿ. ಒಲೆ ಉರೀಲಿ."

ಜಾಗವನ್ನೂ ಆಕೆಯೇ ಬರೆದುಕೊಟ್ಟಳು. ಹಾಗೆ ಊರೆಲ್ಲ ಸೇರಿ ಕಟ್ಟಿದ ಮನೆ ಅದು. ಮುಂದೆ ಹಜಾರ, ಅದರಲ್ಲಿ ಮಾದೇವನ ಹೆಸರು ಕೆತ್ತಿದ ಕರಿಕಲ್ಲು. ಹಿಂದೆ ಮೂರು ಕೋಣೆ, ಒಂದು ಅಡುಗೆಮನೆ; ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮಾಜಿ ಸೈನಿಕರಲ್ಲಿ ಮನೆಮಠ ಇಲ್ಲದವರಿಗೆ. ಒಬ್ಬ ಮರಳು ಹಾಕಿಸಿದ, ಇನ್ನೊಬ್ಬ ಇಟ್ಟಿಗೆ ಇಳಿಸಿದ, ಉಳಿದವರು ಮೈಮುರಿದು ದುಡಿದರು. ಸಮಿತಿಯ ಅಧ್ಯಕ್ಷರು ತಮ್ಮ ಹಳೇ ಅಕ್ಕಿ ಗಿರಣಿಯ ಕಿಟಕಿ ಕೊಟ್ಟರು. ಅದು ಎಷ್ಟು ದೊಡ್ಡದೆಂದರೆ, ಅದಕ್ಕೋಸ್ಕರ ಅಡುಗೆಮನೆಯ ಗೋಡೆಯನ್ನೇ ಎರಡು ಅಡಿ ಎತ್ತರಿಸಬೇಕಾಯಿತು. ಬಚ್ಚಲಿಗೆ ಮಳವಳ್ಳಿ ಕಡೆ ಕೆಡವಿದ ಯಾವುದೋ ಸಿನಿಮಾ ಟಾಕೀಸಿನ ಬಾಗಿಲು. 'ಹೆಂಗಸರಿಗೆ ಮಾತ್ರ' ಎಂದು ಅದರ ಮೇಲೆ ಕೆಂಪಕ್ಷರದಲ್ಲಿತ್ತು, ಈಗಲೂ ಇದೆ. ಎಲ್ಲರೂ ಒಂದೊಂದು ಕೊಟ್ಟಿದ್ದರಿಂದ ಎಲ್ಲರಿಗೂ ಆ ಮನೆಯ ಮೇಲೆ ಒಂದೊಂದು ಅಧಿಕಾರ. ಬಲ್ಬು ಕೊಟ್ಟವನಂತೂ ಹಾಡಹಗಲಲ್ಲಿ ಬಂದು ಸ್ವಿಚ್ಚು ಹಾಕಿ ನೋಡಿ ಹೋಗುತ್ತಿದ್ದ.

ಕಲ್ಲು ಕೆತ್ತಿದವನೂ ಒಂದು ಎಡವಟ್ಟು ಮಾಡಿದ್ದ. ಮಾದೇವನ ಹೆಸರಿನ ಕೆಳಗೆ ಇನ್ನೂ ಐದಾರು ಹೆಸರು ಹಿಡಿಸುವಷ್ಟು ಜಾಗವನ್ನು ನುಣ್ಣಗೆ ಪಾಲಿಶ್ ಮಾಡಿ ಖಾಲಿ ಬಿಟ್ಟಿದ್ದ. ಹವಾಲ್ದಾರರು ಆ ಮನೆಯ ಮೊದಲ ನಿವಾಸಿಯಾಗಿ ಟ್ರಂಕು ಹೊತ್ತುಕೊಂಡು ಬಂದ ದಿನ ಮೊದಲು ಕಂಡದ್ದು ಅದನ್ನೇ. ಸಮಿತಿಯ ಕಾರ್ಯದರ್ಶಿ ಎಂದು ಸ್ವಾಗತಕ್ಕೆ ನಿಂತಿದ್ದ ನನಗೆ ನಮಸ್ಕಾರ ಕೂಡ ಹೇಳಲಿಲ್ಲ.

"ಬಸ್ಸಲ್ಲಿ ಟವಲ್ ಆಕಿ ಸೀಟ್ ಇಡ್ದಂಗೆ ಇಡ್ದವ್ರಲ್ಲ ಮೇಸ್ಟ್ರೇ! ಯಾರ್ಗೆ, ನಂಗಾ? ನಂಗ್ ಬ್ಯಾಡ ಕಣ್ರೀ. ಅದು ಸತ್ತೋನ್ ಕಲ್ಲು, ಅವನ್ಗೇ ಇರ್ಲಿ."

ಅವರು ಕೊಕ್ಕರೆ ಬೆಳ್ಳೂರಿನ ಪಕ್ಕದ ಹಳ್ಳಿಯವರು. ಮದುವೆಯಾಗಿರಲಿಲ್ಲ. ರಿಟೈರಾಗಿ ಬರುವ ಹೊತ್ತಿಗೆ ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಂಡಾಗಿತ್ತು. ನನ್ನ ಪಾಲು ಎಲ್ಲಿ ಎಂದು ಕೇಳಿದರೆ ಒಬ್ಬೊಬ್ಬರೂ ಪಕ್ಕದವನ ಕಡೆ ಕೈ ತೋರಿಸಿದರಂತೆ. "ಎಲ್ಲಿಂದ್ಲೋ ಆರ್ಕಂಡ್ ಬರೋ ಕೊಕ್ಕರೆಗೂ ನಮ್ ಕಡೆ ಒಂದು ಉಣ್ಸೆಮರ ಐತೆ. ನಂಗೆ ಒಂದು ಕೊಂಬೇನೂ ಬುಡ್ಲಿಲ್ಲ ನನ್ಮಕ್ಳು" ಎಂದು ಹೇಳಿ ತಾವೇ ನಗುತ್ತಿದ್ದರು. ನಕ್ಕ ಮೇಲೆ ಹೆಗಲ ಮೇಲಿನ ಟವಲಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಆ ಟವಲು ಅವರ ಹೆಗಲು ಬಿಟ್ಟದ್ದನ್ನು ನಾನು ನೋಡಿಲ್ಲ. ಬಿಸಿ ಪಾತ್ರೆ ಇಳಿಸಲು, ಬೆವರು ಒರೆಸಲು, ನೊಣ ಓಡಿಸಲು, ನಾಯಿ ಓಡಿಸಲು, ಎಲ್ಲಕ್ಕೂ ಅದೇ.

ಅವರು ಬಂದ ಮಾರನೆಯ ದಿನವೇ ಗೃಹಪ್ರವೇಶ. ಸ್ಮಾರಕಕ್ಕೆ ಉದ್ಘಾಟನೆ ಮಾಡುತ್ತಾರೆಯೇ ಹೊರತು ಗೃಹಪ್ರವೇಶ ಮಾಡುವುದಿಲ್ಲ. ಇದು ಅಧ್ಯಕ್ಷರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಹೊಸ್ತಿಲೂ ಒಲೆಯೂ ಇರುವ ಕಟ್ಟಡ ಕಂಡಮೇಲೆ ನಮ್ಮೂರ ಹೆಂಗಸರು ಟೇಪು ಕತ್ತರಿಸಿ ಸುಮ್ಮನೆ ಹೋಗುವವರಲ್ಲ. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿದರು. ಹಸು ಕರುವನ್ನು ಒಳಗೆ ನುಗ್ಗಿಸಿದರು. ಹಸು ಕರಿಕಲ್ಲಿನ ಎದುರಿಗೇ ತನ್ನ ಕೆಲಸ ಮುಗಿಸಿತು, ಅದೂ ಶುಭವೆಂದರು. ಆಮೇಲೆ ಅಡುಗೆಮನೆಯಲ್ಲಿ ಮೂರು ಇಟ್ಟಿಗೆಯ ಒಲೆ ಹೂಡಿ ಹೊಸ ಪಾತ್ರೆಯಲ್ಲಿ ಹಾಲಿಟ್ಟರು. ಹೊಸ ಮನೆಯ ಒಲೆಯಲ್ಲಿ ಹಾಲು ಉಕ್ಕಿ ಚೆಲ್ಲಬೇಕು. ಚೆಲ್ಲಿದ ಮೇಲೇ ಅದು ಮನೆ, ಅಲ್ಲಿಯ ತನಕ ಬರೀ ಗೋಡೆ.

ಚಿಕ್ಕತಾಯಮ್ಮ ಕೈ ಮುಗಿದು ನಿಂತಿದ್ದಳು. ಅಧ್ಯಕ್ಷರು ಫೋಟೋದವನಿಗೆ ಸನ್ನೆ ಮಾಡಿದರು. ಹಾಲು ಏಳತೊಡಗಿತು, ಪಾತ್ರೆಯ ಅಂಚಿಗೆ ಬಂತು. ಇನ್ನೇನು ಚೆಲ್ಲಬೇಕು, ಅಷ್ಟರಲ್ಲಿ ಹಿಂದಿನಿಂದ ಟವಲು ಸುತ್ತಿದ ಒಂದು ಕೈ ಬಂದು ಪಾತ್ರೆಯನ್ನು ಎತ್ತಿ ಕೆಳಗಿಟ್ಟುಬಿಟ್ಟಿತು. ಹಾಲು ಸದ್ದಿಲ್ಲದೆ ಇಳಿದುಹೋಯಿತು.

"ಯಾರಿದ್ರಿ ಒಲೆ ಮುಂದೆ? ಇಷ್ಟ್ ಜನ ಕಣ್ ಬುಟ್ಕಂಡ್ ನಿಂತಿದ್ದೀರಿ, ಆಲು ಉಕ್ಕೋಯ್ತಿರೋದು ಕಾಣಾಕಿಲ್ವಾ?"

 ಮತ್ತೆ ಇಡೋಣವೆಂದರೆ ಪುರೋಹಿತರು ಗಡಿಯಾರ ನೋಡಿಕೊಂಡು ರಾಹುಕಾಲ ಶುರುವಾಯಿತೆಂದರು. ಆ ಫೋಟೋ ಇವತ್ತಿಗೂ ಇದೆ. ನಡುವೆ ಪಾತ್ರೆ ಹಿಡಿದ ಹವಾಲ್ದಾರರು, ಸುತ್ತ ಬಾಯಿ ತೆರೆದ ಇಪ್ಪತ್ತು ಮುಖ, ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡ ನಾನು.

ಅವತ್ತು ಸಂಜೆ ಕೇಳಿದೆ, ಹಳ್ಳಿಯಲ್ಲೇ ಹುಟ್ಟಿದವರು ನೀವು, ಹಾಲುಕ್ಕಿಸುವುದು ಗೊತ್ತಿಲ್ಲವೇ ಎಂದು. ಅವರು ತಲೆ ತಗ್ಗಿಸಿ ಕೂತಿದ್ದರು.

"ನಂಗ್ ಗೊತ್ತು ಮೇಸ್ಟ್ರೇ. ಕೈಗೆ ಗೊತ್ತಿಲ್ವಲ್ಲ."

ಸೈನ್ಯದಲ್ಲಿ ಅಡುಗೆಮನೆಗೆ ಲಂಗರು ಎನ್ನುತ್ತಾರಂತೆ. ಸೇರಿದ ಹೊಸದರಲ್ಲಿ ಒಂದು ಸಲ ಹಾಲು ಉಕ್ಕಿಸಿದ್ದಕ್ಕೆ ಇವರನ್ನು ಮೈದಾನದ ಸುತ್ತ ಹತ್ತು ಸುತ್ತು ಓಡಿಸಿದ್ದರಂತೆ. ಆದರೆ ಅದಕ್ಕಿಂತ ದೊಡ್ಡ ಪಾಠ ಆದದ್ದು ಹಿಮದ ಬೆಟ್ಟದ ಮೇಲೆ. "ಅಲ್ಲಿಗೆ ಆಲು ತಾನಾಗಿ ಬರಾಕಿಲ್ಲ ಮೇಸ್ಟ್ರೇ, ಯಾರ್ದೋ ಬೆನ್ ಮ್ಯಾಲೆ ಬತ್ತದೆ. ಅದನ್ನ ಉಕ್ಸೋದಂದ್ರೆ ಅವನ ಬೆನ್ನಿಗೆ ಒದ್ದಂಗೆ." ಆಮೇಲೆ ಇಪ್ಪತ್ತಮೂರು ವರ್ಷ ಒಂದು ಹನಿ ಚೆಲ್ಲಿದವರಲ್ಲ. ಇಂಥವರನ್ನು ನಾವು ಹಾಲುಕ್ಕಿಸುವ ಒಲೆಯ ಹತ್ತಿರ ನಿಲ್ಲಿಸಿಕೊಂಡಿದ್ದೆವು.

ಆ ಮನೆಗೆ ನಾವು ಇಟ್ಟ ಹೆಸರು ಉದ್ದ, ಅದನ್ನೂ ನಾನೇ ಬರೆದದ್ದು. ಜನ ಅದನ್ನು ಮಿಲ್ಟ್ರಿ ಮನೆ ಎಂದರು. ಮಂಡ್ಯದ ಕಡೆ ಮಿಲ್ಟ್ರಿ ಎಂದರೆ ಬಾಡೂಟದ ಹೋಟೆಲು, ಕೇಳಬೇಕೇ? ಕಬ್ಬಿನ ಲಾರಿಯವರು ಗಾಡಿ ನಿಲ್ಲಿಸಿ ಒಳಗೆ ಬಂದು, ಕರಿಕಲ್ಲಿನ ಮುಂದೆ ಚಪ್ಪಲಿ ಬಿಟ್ಟು, ಕೈ ತೊಳೆದು ಕೂತು, "ಏನೈತಣ್ಣ ಇವತ್ತು, ತಲೆಮಾಂಸವಾ, ಕಾಲ್‌ಸೂಪಾ?" ಎನ್ನುತ್ತಿದ್ದರು. ಹವಾಲ್ದಾರರು ಇದು ಹೋಟೆಲಲ್ಲ ಎಂದು ಒಂದು ದಿನವೂ ಹೇಳಲಿಲ್ಲ. ಇದ್ದದ್ದನ್ನು ಬಡಿಸಿ ಉಂಡೆದ್ದ ಮೇಲೆ, "ದುಡ್ಡು ಬ್ಯಾಡ ಕಣಪ್ಪ, ಅಲ್ಲಿ ಕಲ್ಲೈತಲ್ಲ, ಅವನಿಗೆ ಒಂದು ಕೈ ಮುಗ್ದು ಓಗು" ಎನ್ನುತ್ತಿದ್ದರು. ನಮ್ಮ ಸಮಿತಿ ಎಷ್ಟು ಕರಪತ್ರ ಹಂಚಿದರೂ ಅಷ್ಟು ಜನ ಆ ಕಲ್ಲಿಗೆ ಕೈ ಮುಗಿದಿರಲಿಲ್ಲ.

ಒಂದು ಆಗಸ್ಟ್ ಹದಿನೈದಕ್ಕೆ ಅವರನ್ನು ನಮ್ಮ ಶಾಲೆಗೆ ಭಾಷಣಕ್ಕೆ ಕರೆದ ತಪ್ಪು ನನ್ನದೇ. ಮಕ್ಕಳು ಬಂದೂಕು, ಬಾಂಬು ಎಂದು ಕಾದು ಕೂತಿದ್ದರು. ಇವರು ಎತ್ತರದ ಬೆಟ್ಟದಲ್ಲಿ ಬೇಳೆ ಯಾಕೆ ಬೇಯುವುದಿಲ್ಲ ಎಂದು ಮುಕ್ಕಾಲು ಗಂಟೆ ಮಾತಾಡಿದರು. ಕೊನೆಗೆ ಒಂದು ಹುಡುಗಿ ಎದ್ದು, "ನೀವು ಎಷ್ಟು ಜನ ಶತ್ರುಗಳನ್ನ ಸಾಯಿಸಿದ್ರಿ ಸಾರ್?" ಎಂದಳು. "ಸತ್ರುಗಳ್ನ ಇಲ್ಲ ಕಣವ್ವ. ನಮ್ಮೋರ್ನೇ ಒಂದ್ಸಲ ಸಾಯಿಸ್ಬುಡ್ತಿದ್ದೆ, ಅರಬರೆ ಬೆಂದ ರಾಜ್ಮಾ ತಿನ್ಸಿ" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರು ಮಾತ್ರ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಮಿಲ್ಟ್ರಿ ಮನೆಯ ಮುಂದಿನ ಧ್ವಜಸ್ತಂಭದಿಂದ ಕಿಟಕಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದರು. ಅಧ್ಯಕ್ಷರು ಕಂಡು ಕೆಂಡವಾದರು. ಇವರು ಶಾಂತವಾಗಿ, "ಬಾವುಟ ವರ್ಸಕ್ಕೆ ಎಲ್ಡ್ ದಿನ ಅಧ್ಯಕ್ಸರೇ. ಚಡ್ಡಿ ದಿನಾ ಬೇಕು" ಎಂದರು. ಆ ಎರಡು ದಿನ ಮಾತ್ರ ಬೆಳಗಾಗುವ ಮುಂಚೆ ಹಗ್ಗ ಬಿಚ್ಚಿ, ಕಂಬಕ್ಕೆ ಎಣ್ಣೆ ಒರೆಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ನಿಲ್ಲುತ್ತಿದ್ದರು. ಅವರು ಹೊಡೆಯುವ ಸೆಲ್ಯೂಟಿನ ಎದುರು ನಮ್ಮೆಲ್ಲರ ಸೆಲ್ಯೂಟು ನೊಣ ಓಡಿಸಿದಂತೆ ಕಾಣುತ್ತಿತ್ತು.

ಅವರದೊಂದು ಸಿದ್ಧಾಂತವಿತ್ತು: ಎರಡನೇ ಚಪಾತಿ ತನಕ ಯಾವ ಮನುಷ್ಯನೂ ನಿಜ ಹೇಳುವುದಿಲ್ಲ. ಅದಕ್ಕೇ ಯಾರು ಬಂದರೂ ಮೊದಲು ತಟ್ಟೆ, ಆಮೇಲೆ ಮಾತು. ಮಂಡ್ಯದ ಅಗ್ರಹಾರದಿಂದ ಬಂದ ನನಗೆ ಬೇರೆಯೇ ಪಾತ್ರೆ, ಅದರ ಮೇಲೆ ಸುಣ್ಣದಲ್ಲಿ 'ಮೇಸ್ಟ್ರು' ಎಂದು ಬರೆದಿಟ್ಟಿದ್ದರು. ಒಂದು ಮಧ್ಯಾಹ್ನ ಊರುಗೋಲು ಹಿಡಿದು ಒಬ್ಬ ಬಂದ. ಮಳವಳ್ಳಿ ಕಡೆಯವನು, ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವನು, ಒಂದು ಕಾಲಿಲ್ಲ. ನಾನು ರಿಜಿಸ್ಟರ್ ತೆರೆದು ಹೆಸರು, ಊರು, ದಾಖಲೆ ಎಂದು ಶುರು ಮಾಡಿದೆ. ಅವನು ಗೋಡೆ ನೋಡಿಕೊಂಡು, ಸುಮ್ಮನೆ ಮನೆ ನೋಡಿ ಹೋಗೋಣ ಎಂದು ಬಂದೆ ಎಂದ. ಹವಾಲ್ದಾರರು ನನ್ನ ರಿಜಿಸ್ಟರನ್ನು ಮುಚ್ಚಿ ಅದರ ಮೇಲೆ ತಟ್ಟೆ ಇಟ್ಟರು. ಎರಡನೇ ಚಪಾತಿಯ ಅರ್ಧದಲ್ಲಿ ಅವನು ಅತ್ತ. ಎರಡು ತಿಂಗಳಿಂದ ಮದ್ದೂರು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಮಲಗುತ್ತಿದ್ದನಂತೆ. ಮೂರನೇ ಚಪಾತಿಗೆ ಕೋಣೆ ಸಿಕ್ಕಿತು. ಊರಿನವರಿಗೆ ಅವನು ಡ್ರೈವರಣ್ಣನಾದ. ಆ ರಿಜಿಸ್ಟರಿನ ಮೇಲೆ ತಟ್ಟೆಯ ಗುರುತು ಈಗಲೂ ದುಂಡಗೆ ಇದೆ.

ಚಿಕ್ಕತಾಯಮ್ಮ ದಿನಾ ಬೆಳಗ್ಗೆ ಕಲ್ಲಿಗೆ ದೀಪ ಹಚ್ಚಲು ಬರುತ್ತಿದ್ದಳು. ದೀಪ ಹಚ್ಚಿ ಅಡುಗೆಮನೆಯ ಬಾಗಿಲಲ್ಲಿ ಕೂತರೆ ಟೀ ಬರುತ್ತಿತ್ತು.

"ಇದೇನ್ ಟೀನಾ ಅವಲ್ದಾರ, ಕಲಗಚ್ಚಾ?"

"ಇವತ್ ಕುಡ್ಕಳಕ್ಕ, ನಾಳೆ ಬಂದು ಯೋಳು."

ನಾಳೆಯೂ ಬಂದು ಅದನ್ನೇ ಹೇಳುತ್ತಿದ್ದಳು. ಊರಿನವರೆಲ್ಲ ಆಕೆಯ ಮುಂದೆ ಮಾದೇವನ ತ್ಯಾಗ, ಬಲಿದಾನ ಎಂದು ಮಾತಾಡುತ್ತಿದ್ದರು. ಆಕೆ ತಲೆಯಾಡಿಸಿ ಎದ್ದು ಹೋಗುತ್ತಿದ್ದಳು. ಹವಾಲ್ದಾರರು ಕೇಳಿದ್ದು ಒಂದೇ ಪ್ರಶ್ನೆ: "ಅವನ್ಗೆ ಏನ್ ಇಷ್ಟ ಇತ್ತಕ್ಕ, ಉಣ್ಣಕೆ?" ಹುರುಳಿಕಾಳು ಬಸ್ಸಾರು ಎಂದಳು. ಅಲ್ಲಿಂದ ಮುಂದೆ ಪ್ರತಿ ಸೋಮವಾರ ಆ ಮನೆಯಲ್ಲಿ ಹುರುಳಿಕಾಳು ಬಸ್ಸಾರು. ಉಪ್ಪು ಜಾಸ್ತಿ, ಖಾರ ಕಮ್ಮಿ ಎಂದು ಆಕೆ ಬೈಯುತ್ತ ಬೈಯುತ್ತ ಎರಡು ಮುದ್ದೆ ಉಣ್ಣುತ್ತಿದ್ದಳು.

ಎಲ್ಲ ಸರಿಯಾಗಿತ್ತು. ಆಮೇಲೆ ನಮ್ಮ ಸ್ಮಾರಕ ನೋಡಲು ಯಾರೋ ದೊಡ್ಡವರು ಬಂದರು. ಬಂದವರು ಹಗ್ಗದ ಮೇಲಿನ ಬಟ್ಟೆ ನೋಡಿದರು, ಹಜಾರದಲ್ಲಿ ಉಣ್ಣುತ್ತಿದ್ದ ಲಾರಿಯವರನ್ನು ನೋಡಿದರು, 'ಹೆಂಗಸರಿಗೆ ಮಾತ್ರ' ಎಂಬ ಬಾಗಿಲಿನಿಂದ ಲುಂಗಿ ಕಟ್ಟಿಕೊಳ್ಳುತ್ತ ಹೊರಬಂದ ಡ್ರೈವರಣ್ಣನನ್ನು ನೋಡಿದರು. ಅಧ್ಯಕ್ಷರಿಗೆ ನೆಲಕ್ಕೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಅವರು ಕೆಟ್ಟವರಲ್ಲ. ಮಾದೇವನಿಗೆ ಚೆಂದದ ಸ್ಮಾರಕವಾಗಲಿ ಎಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು. ಮನೆಯನ್ನು ಬರೀ ಸ್ಮಾರಕ ಮಾಡುವುದು, ಇರುವವರನ್ನು ಬೇರೆಡೆಗೆ ಕಳಿಸುವುದು ಎಂದು ಸಮಿತಿಯಲ್ಲಿ ತೀರ್ಮಾನವಾಯಿತು. ಠರಾವು ಬರೆದವನು ನಾನು. 'ಸ್ಮಾರಕದ ಪಾವಿತ್ರ್ಯವನ್ನು ಕಾಪಾಡುವ ದೃಷ್ಟಿಯಿಂದ' ಎಂದು ಶುರು ಮಾಡಿದ್ದೆ. ಬರೆಯುವಾಗ ಆ ಸಾಲು ಬಹಳ ಚೆನ್ನಾಗಿ ಬಂತೆಂದು ಹೆಮ್ಮೆಯೂ ಆಗಿತ್ತು. ಇವತ್ತು ನೆನೆದರೆ ನನ್ನ ಮೇಲೆ ನನಗೇ ಅಸಹ್ಯ.

ಹವಾಲ್ದಾರರಿಗೆ ಅದನ್ನು ಓದಿ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಈರುಳ್ಳಿ ಹೆಚ್ಚುತ್ತ ಕೇಳಿಸಿಕೊಂಡರು.

"ಪಾವಿತ್ರ್ಯ ಅಂದ್ರೇನ್ ಮೇಸ್ಟ್ರೇ? ಒಲೆ ಅಚ್ಚುದ್ರೆ ಓಯ್ತದಾ ಅದು?"

ನಾನು ಠರಾವಿನ ಕಾಗದ ಮಡಿಸತೊಡಗಿದೆ. ಅವರು ಎದ್ದು, ಸುಣ್ಣದಲ್ಲಿ ನನ್ನ ಹೆಸರು ಬರೆದ ಪಾತ್ರೆ ಇಳಿಸಿ, ನನಗೆ ಟೀ ಮಾಡಿಕೊಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಠರಾವನ್ನು ಊರಿನ ಮುಂದಿಡಲು ಭಾನುವಾರ ಬೆಳಗ್ಗೆ ಆ ಹಜಾರದಲ್ಲೇ ಸಭೆ ಸೇರಿತು. ಗಾಜಿನ ಪೆಟ್ಟಿಗೆಯಲ್ಲಿ ಮಾದೇವನ ಸಮವಸ್ತ್ರ, ಮುಂದೆ ಸಿಮೆಂಟಿನ ಫಿರಂಗಿ, ಬಾಗಿಲಿಗೆ ಬೀಗ, ವರ್ಷಕ್ಕೆ ಎರಡು ಸಲ ತೆರೆಯುವುದು ಎಂದು ಅಧ್ಯಕ್ಷರು ವಿವರಿಸಿದರು. ಇರುವವರಿಗೆ ಬೇರೆ ವ್ಯವಸ್ಥೆ ಎಂದರು.

"ಎಲ್ಲಿ?" ಎಂದ ಡ್ರೈವರಣ್ಣ.

"ಮಾಡಣ."

ಮಾಡಣ ಎಂದರೆ ಮದ್ದೂರು ಸ್ಟೇಷನ್ನಿನ ಬೆಂಚು ಎಂದು ಅವನಿಗೂ ತಿಳಿಯಿತು, ನನಗೂ ತಿಳಿಯಿತು. ಹಿಂದಿನಿಂದ ಯಾರೋ, "ಮನೇಲಿ ಇರೋರ್ನ ಎಂಗೆ ಎಬ್ಬುಸ್ತೀರಿ ಅಧ್ಯಕ್ಸರೇ?" ಎಂದ.

"ಮನೆ ಎಲ್ಲಯ್ಯಾ ಇದು? ಅವತ್ತು ಆಲೇ ಉಕ್ಲಿಲ್ಲ. ಆಲು ಉಕ್ದೆ ಇರೋದು ಮನೆ ಎಂಗಾಯ್ತದೆ?"

ಅಧ್ಯಕ್ಷರು ತಮಾಷೆಗೆ ಅಂದ ಮಾತು. ಆದರೆ ಯಾರೂ ನಗಲಿಲ್ಲ. ಆ ಹಾಲಿನ ವಿಷಯ ಊರಿನ ಹೊಟ್ಟೆಯಲ್ಲಿ ವರ್ಷಗಳಿಂದ ಕೂತಿತ್ತು. ಬೋರ್‌ವೆಲ್ ಬತ್ತಿದ್ದು, ಯಾರದೋ ಕರು ಸತ್ತದ್ದು, ಇನ್ಯಾರದೋ ಮದುವೆ ಮುರಿದದ್ದು, ಎಲ್ಲಕ್ಕೂ ಅವತ್ತು ಇಳಿದುಹೋದ ಹಾಲೇ ಕಾರಣವೆಂದು ಹಿರಿಯರು ಒಳಗೊಳಗೇ ಆಡಿಕೊಂಡಿದ್ದರು. ಹೌದಲ್ಲ, ಉಕ್ಕಲಿಲ್ಲವಲ್ಲ ಎಂದು ಹಜಾರದ ತುಂಬ ಗುಸುಗುಸು. ಹವಾಲ್ದಾರರ ಕಡೆ ನೋಡಿದೆ. ಯಾವಾಗಲೂ ಬಾಯಿ ಮುಂದಿರುತ್ತಿದ್ದ ಮನುಷ್ಯ ಟವಲನ್ನು ಎರಡು ಕೈಯಲ್ಲೂ ಹಿಂಡುತ್ತ ನಿಂತಿದ್ದರು. "ನನ್ ಕೈಯೇ ಅಲ್ವಾ ಮೇಸ್ಟ್ರೇ ಕೆಡ್ಸಿದ್ದು" ಎಂದರು ಮೆಲ್ಲಗೆ.

ಚಿಕ್ಕತಾಯಮ್ಮ ಎದ್ದು ಹೊರಗೆ ಹೋದಳು. ಬೇಜಾರಾಗಿ ಹೋದಳೆಂದುಕೊಂಡೆವು. ಹತ್ತು ನಿಮಿಷದಲ್ಲಿ ತನ್ನ ಹಸುವಿನ ಹಾಲನ್ನು ಚೊಂಬಿನಲ್ಲಿ ತುಂಬಿಕೊಂಡು ಬಂದಳು.

"ಉಕ್ಲಿಲ್ಲ ಅಂದ್ರೆ ಉಕ್ಸಿ. ಈಗ್ಲೇ. ನನ್ ಮಗ ಆಕಿರೋ ಪಾಯದ್ ಮ್ಯಾಲೆ ನಿಂತ್ಕಂಡು ಮನೆ ಅಲ್ಲ ಅಂತೀಯೇನ್ಲಾ?"

ಊರಿನಲ್ಲಿ ಅಧ್ಯಕ್ಷರಿಗೆ 'ಲಾ' ಎನ್ನುವ ವಯಸ್ಸು ಉಳಿದಿದ್ದದ್ದು ಆಕೆಯೊಬ್ಬಳಿಗೇ. ಅಧ್ಯಕ್ಷರು ಕೆಮ್ಮಿದರು, ಯೋಚಿಸಿದರು. ಗಿರಣಿ ನಡೆಸಿದ ತಲೆ ಅದು.

"ಆಗ್ಲಿ ಬುಡಕ್ಕ. ಆದ್ರೆ ಅವತ್ತು ಕೆಡ್ಸಿದೋರೇ ಒಲೆ ಮುಂದೆ ನಿಂತು ಉಕ್ಸ್ಲಿ. ಉಕ್ಕುದ್ರೆ ಮನೆ. ಅವತ್ತಿನಂಗೆ ಕೈ ಆಕುದ್ರೆ ಬೀಗ. ಏನಂತೀರಿ ಎಲ್ಲಾ?"

ಎಲ್ಲರೂ ಆಗಲಿ ಎಂದರು. ಆ ಕೈಯನ್ನು ಎಲ್ಲರೂ ಬಲ್ಲವರೇ.

ಈಗ ಇಟ್ಟಿಗೆಯ ಒಲೆ ಇರಲಿಲ್ಲ, ಗ್ಯಾಸಾಗಿತ್ತು. ನಡೆಯುತ್ತದೆಯೇ ಎಂದು ಪುರೋಹಿತರನ್ನು ಕೇಳಿದರೆ, ಬೆಂಕಿ ಬೆಂಕಿಯೇ ಎಂದರು. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಉಳಿದವರು ಹೊರಗೆ ನಿಂತು ಗಿರಣಿಯ ಕಿಟಕಿಯಿಂದ ನೋಡುತ್ತಿದ್ದರು. ಆ ಕಿಟಕಿಯ ಗಾತ್ರಕ್ಕೆ ಒಂದು ಅರ್ಥ ಬಂದದ್ದು ಅವತ್ತೇ.

"ಕೈ ಕಟ್ಟಾಕ್ಬುಡ್ಲಾ ಸಾರ್?" ಎಂದ ಡ್ರೈವರಣ್ಣ.

"ಬ್ಯಾಡ. ಕಟ್ಟಾಕುಸ್ಕಂಡು ಉಕ್ಸುದ್ರೆ ಅದು ನಾನ್ ಉಕ್ಸಿದ್ದು ಅನ್ನುಸ್ಕಳಲ್ಲ."

ಹಾಲಿನ ಮೇಲೆ ಕೆನೆ ಕಟ್ಟಿತು, ಕೆನೆಯ ಅಂಚಿನಲ್ಲಿ ಗುಳ್ಳೆ ಬಂತು. ಅವರ ಹಣೆಯ ಮೇಲೆ ಬೆವರು. ಹಾಲು ಏಳತೊಡಗಿದ್ದೇ ತಡ, ಅವರ ಬಲಗೈ ತಾನಾಗಿ ಹೆಗಲಿಗೆ ಹೋಯಿತು, ಟವಲು ಹಿಡಿಯಿತು, ಒಲೆಯ ಕಡೆ ಹೊರಟಿತು.  ಆಗ ಡ್ರೈವರಣ್ಣ ಊರುಗೋಲನ್ನು ನೆಲಕ್ಕೆ ಕುಟ್ಟಿ, ಕವಾಯತಿನ ದನಿಯಲ್ಲಿ ಮನೆ ಅದುರುವಂತೆ ಕೂಗಿದ.

"ಸಾವಧಾನ್!"

ಕೈ ಅಲ್ಲೇ ನಿಂತಿತು. ಟವಲು ಕೆಳಗೆ ಬಿತ್ತು. ಹವಾಲ್ದಾರರು ಹಿಮ್ಮಡಿ ಜೋಡಿಸಿ, ಕೈ ಇಳಿಬಿಟ್ಟು, ಎದೆ ಸೆಟೆಸಿ ನಿಂತರು. ಹಾಲು ಅಂಚು ದಾಟಿತು. ಅವರ ಎಡಗೈ ಮಾತ್ರ ತಡೆಯಲಾರದೆ ಕಿಟಕಿಯ ಸರಳನ್ನು ಹಿಡಿದುಕೊಂಡಿತು. ಹಾಲು ಉಕ್ಕಿ, ಪಾತ್ರೆಯ ಮೈಮೇಲೆ ಇಳಿದು, ಚುಂಯ್ ಎಂದು ಬೆಂಕಿ ನಂದಿಸಿ, ಕಟ್ಟೆಯ ಮೇಲೆ ಹರಿದು ನೆಲಕ್ಕೆ ತೊಟ್ಟಿಕ್ಕಿತು. "ಉಕ್ತು, ಉಕ್ತು!" ಎಂದು ಹೆಂಗಸರು ಕೂಗಿದರು. ಯಾರೋ ಗ್ಯಾಸು ಆರಿಸಿದರು. ಹವಾಲ್ದಾರರು ಇನ್ನೂ ಸಾವಧಾನದಲ್ಲೇ ನಿಂತಿದ್ದರು, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಅರ್ಧ ಚೊಂಬು ಓಯ್ತಲ್ಲಕ್ಕ" ಎಂದರು.

ಚಿಕ್ಕತಾಯಮ್ಮ ನಕ್ಕುಬಿಟ್ಟಳು. ಮಗ ಹೋದ ಮೇಲೆ ಆಕೆ ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ಓಗ್ಲಿ ಬುಡಪ್ಪ, ಮನೆ ಆಯ್ತಲ್ಲ" ಎಂದಳು. ಪಾತ್ರೆಯಲ್ಲಿ ಉಳಿದ ಹಾಲಿಗೆ ಸಕ್ಕರೆ ಹಾಕಿ ಹಂಚಿದಾಗ ಮೊದಲು ಲೋಟ ಚಾಚಿದವರು ಅಧ್ಯಕ್ಷರು. ಹವಾಲ್ದಾರರು ಟವಲು ಎತ್ತಿಕೊಂಡು ಹೆಗಲಿಗೆ ಹಾಕಿ, ಒಲೆ ನೋಡಿ, ನನ್ನ ಕಡೆ ತಿರುಗಿದರು.

"ಮೇಸ್ಟ್ರೇ, ಆ ಪಾವಿತ್ರ್ಯದ ಕಾಗ್ದ ಕೊಡಿ ಇಲ್ಲಿ, ವರ್ಸಕಾಯ್ತದೆ."

ಕೊಟ್ಟೆ. ಚೆನ್ನಾಗಿ ಒರೆಸಿದರು.

ಆಮೇಲೆ ಐದು ವರ್ಷ ಆ ಒಲೆ ಒಂದು ದಿನವೂ ತಣ್ಣಗಿರಲಿಲ್ಲ. ಹೋದ ತಿಂಗಳು ಒಂದು ಬೆಳಗ್ಗೆ ಹವಾಲ್ದಾರರು ಚಪಾತಿ ಹಿಟ್ಟು ಕಲಸಿ, ನೆನೆಯಲಿ ಎಂದು ಒದ್ದೆ ಬಟ್ಟೆ ಮುಚ್ಚಿಟ್ಟು, ಜಗುಲಿಯ ಮೇಲೆ ಬಂದು ಕೂತವರು ಕೂತಂತೆಯೇ ಹೋಗಿಬಿಟ್ಟರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಆ ಹಿಟ್ಟನ್ನು ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಯಾರೋ ಹಸುವಿಗೆ ಹಾಕಿ ಎಂದರು. ಚಿಕ್ಕತಾಯಮ್ಮ ಪಾತ್ರೆ ಕಿತ್ತುಕೊಂಡು, "ಅವ್ರು ಕಲ್ಸಿರೋ ಇಟ್ನ ಚೆಲ್ತೀರಾ?" ಎಂದು ತನ್ನ ಮನೆಗೆ ಒಯ್ದಳು. ಹುಟ್ಟಿದಾಗಿನಿಂದ ಮುದ್ದೆ ಕಟ್ಟಿದ ಕೈ. ಚಪಾತಿ ಒಂದೂ ದುಂಡಗೆ ಬರಲಿಲ್ಲ. ಮಣ್ಣಿಗೆ ಬಂದವರೆಲ್ಲ ಅದನ್ನೇ ಹರಿದು ಹಂಚಿಕೊಂಡು ತಿಂದರು. ಮೊದಲ ಹಿಡಿ ಮಣ್ಣು ಹಾಕಿದವನು ಡ್ರೈವರಣ್ಣ. ಅಣ್ಣತಮ್ಮಂದಿರು ಬಂದಿದ್ದರು, ಹಿಂದೆ ನಿಂತಿದ್ದರು.

ಕಲ್ಲಿನ ಮೇಲಿನ ಸಾಲು ನನ್ನ ಕೈಯಲ್ಲಿ ಆಗದೆಂದು ಚಿಕ್ಕತಾಯಮ್ಮನಿಗೆ ಹೇಳಿದೆ.

"ಕಲ್ ಮ್ಯಾಲೆ ಯಾಕ್ ಬರೀತೀರಿ? ಆ ಸೀಟು ಬ್ಯಾಡ ಅಂತ ಬಂದ್ ದಿನ್ವೇ ಯೋಳಿಲ್ವಾ? ಎಲ್ಲಿ ನಿಂತ್ಕತಿದ್ರೋ ಅಲ್ಲಿ ಬರೀರಿ" ಎಂದಳು.

ತಿಥಿ ಮುಗಿದ ಮಾರನೆಯ ಬೆಳಗ್ಗೆ ನೀಲಿ ಬಣ್ಣದ ಡಬ್ಬಿ, ಕುಂಚ ಹಿಡಿದುಕೊಂಡು ಮಿಲ್ಟ್ರಿ ಮನೆಗೆ ಹೋದೆ. ಆ ಮನೆಯಲ್ಲಿ ಮತ್ತೆ ಒಲೆ ಹಚ್ಚುವ ದಿನ ಅದು. ಡ್ರೈವರಣ್ಣ ಟೀಗೆ ಹಾಲಿಟ್ಟು, ಸಕ್ಕರೆ ತರಲು ಅಂಗಡಿಗೆ ಹೋದ. ಚಿಕ್ಕತಾಯಮ್ಮ ಎಂದಿನಂತೆ ಬಾಗಿಲಲ್ಲಿ ಕೂತಿದ್ದಳು. ನಾನು ಸ್ಟೂಲು ಹತ್ತಿ, ಒಲೆಯ ಮೇಲಿನ ಗೋಡೆಯಲ್ಲಿ, ಅವರು ದಿನಕ್ಕೆ ನಾಲ್ಕು ಸಲ ನಮಗೆಲ್ಲ ಹೇಳುತ್ತಿದ್ದ ಎರಡೇ ಮಾತನ್ನು, ಅವರು ಹೇಳುತ್ತಿದ್ದ ಹಾಗೇ ಬರೆದೆ. 'ಆಲು ನೋಡ್ಕಳಿ.'

ಕೆಳಗಿಳಿದು, ಅಕ್ಷರ ನೆಟ್ಟಗೆ ಬಂದಿದೆಯೇ ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುತ್ತ ನಿಂತೆ. ಚಿಕ್ಕತಾಯಮ್ಮನೂ ತಲೆಯೆತ್ತಿ ಗೋಡೆಯನ್ನೇ ನೋಡುತ್ತಿದ್ದಳು. ಅದರ ಕೆಳಗೆ ಹಾಲು ಎದ್ದಿತು, ಅಂಚು ದಾಟಿತು, ಚುಂಯ್ ಎಂದು ಉಕ್ಕಿ ಹರಿದು ಒಲೆ ಆರಿತು. ನಾವಿಬ್ಬರೂ ಬೆಚ್ಚಿ, ಒಟ್ಟಿಗೇ, ಅವರು ಟವಲು ಹಿಡಿದು ಓಡಿಬರುತ್ತಿದ್ದ ಹಿತ್ತಲ ಬಾಗಿಲ ಕಡೆ ತಿರುಗಿದೆವು.

ಯಾರೂ ಬೈಯಲಿಲ್ಲ.